ಮೀಟರಪ್ಪನ ಆಕ್ಟೇನ್ ಪ್ರಕರಣ

ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವ ಕೆಲಸದಲ್ಲಿದ್ದವನನ್ನು ಅವನ ಬೀದಿಯವರೆಲ್ಲ ಮೀಟರಪ್ಪ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಮನೆಮನೆಯ ಗೇಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಗಾಜಿನ ಮೇಲಿನ ಮಣ್ಣು ಒರೆಸಿ, ಅಂಕಿ ಬರೆದುಕೊಂಡು ಬಂದ ಮನುಷ್ಯ. ಈ ಸೇವೆಯಿಂದ ಅವನಿಗೆ ದಕ್ಕಿದ್ದು ಎರಡು: ಮೊಣಕಾಲು ನೋವು ಮತ್ತು ಅಂಕಿಯ ಮೇಲೆ ಅಚಲವಾದ ಭಕ್ತಿ. "ನಾವು ಊರಲ್ಲೇ ಇರ್ಲಿಲ್ಲ, ಇಷ್ಟು ನೀರು ಹೇಗೆ ಖರ್ಚಾಯ್ತು?" ಎಂದು ಯಾರಾದರೂ ತಗಾದೆ ತೆಗೆದರೆ, "ಮೀಟರ್ ಸುಳ್ಳು ಹೇಳಲ್ಲಮ್ಮ, ಮನುಷ್ಯರು ಹೇಳ್ತಾರೆ" ಎಂದು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದ.

ಅವನ ಬೈಕಿಗೂ ಹೆಚ್ಚುಕಮ್ಮಿ ಅಷ್ಟೇ ವರ್ಷದ ಸರ್ವಿಸ್ ಆಗಿತ್ತು. ನೂರು ಸಿ.ಸಿ.ಯ ಬಡಪಾಯಿ. ಏರು ಬಂದರೆ ಏದುಸಿರು ಬಿಡುತ್ತಿತ್ತು, ಇಳಿಜಾರು ಬಂದರೆ ದೇವರ ಮೇಲೆ ಭಾರ ಹಾಕುತ್ತಿತ್ತು. ಅದರ ಸ್ಪೀಡೋಮೀಟರಿನ ಮುಳ್ಳು ಎಂಟು ವರ್ಷದ ಹಿಂದೆಯೇ ಮೂವತ್ತರ ಮೇಲೆ ಕೂತು ನಿವೃತ್ತಿ ಪಡೆದಿತ್ತು. "ನಿಮ್ಮ ಗಾಡಿ ಸದ್ದು ತಿರುವಲ್ಲಿ ಕೇಳಿಸಿತು ಅಂದ್ರೆ ನಾನು ಒಂದು ಕಾಜಾ ಶುರು ಮಾಡ್ತೀನಿ ನೋಡಿ ಮೀಟರಪ್ಪ. ನೀವು ಅಂಗಡಿ ಮುಂದೆ ಬರೋ ಹೊತ್ತಿಗೆ ಗುಂಡಿನೂ ಹಾಕಿರ್ತೀನಿ" ಎಂದು ಬೀದಿಯ ದರ್ಜಿ ಹೇಳುತ್ತಿದ್ದ. ಮೀಟರಪ್ಪ ನಕ್ಕು ಸುಮ್ಮನಾಗುತ್ತಿದ್ದ. ಗಾಡಿಯ ವಿಷಯದಲ್ಲಿ ಅವನಿಗೆ ದುರಾಸೆಯೇನೂ ಇರಲಿಲ್ಲ, ಷಡ್ಡಕ ಹೊಸ ಬೈಕು ತರುವವರೆಗೆ.

ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ. ವಿಮಾ ಕಂಪನಿಯೊಂದರ ಶಾಖೆಗೆ ಮ್ಯಾನೇಜರು. ಒಂದು ಭಾನುವಾರ ಅವನು ಮಾವನ ಮನೆಯ ಅಂಗಳಕ್ಕೆ ಸಾವಿರ ಸಿ.ಸಿ.ಯ ಕರೀ ಬೈಕನ್ನು ತಂದು ನಿಲ್ಲಿಸಿದಾಗ, ಮನೆಯವರೆಲ್ಲ ಊಟದ ತಟ್ಟೆ ಕೈಯಲ್ಲೇ ಹಿಡಿದು ಹೊರಗೆ ಬಂದರು. ಅದು ನಿಂತಿದ್ದರೂ ಓಡುತ್ತಿದ್ದ ಹಾಗೆ ಕಾಣುತ್ತಿತ್ತು. ಮಾವ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಇಂಜಿನ್ನು ಅಂದರೆ ಎದ್ದು ನಿಲ್ಲುವ ಜಾತಿ. ಅವರು ಬೈಕಿನ ಸುತ್ತ ಒಂದು ಸುತ್ತು ಬಂದು, "ಇದಕ್ಕೆ ಸಿಗ್ನಲ್ ಕೊಡೋಕೂ ಎದೆಗಾರಿಕೆ ಬೇಕು" ಎಂದರು.

"ಇದು ಸಾದಾ ಪೆಟ್ರೋಲನ್ನ ಮೂಸಿ ಕೂಡ ನೋಡಲ್ಲ ಮಾವ," ಎಂದ ಷಡ್ಡಕ. "ತೊಂಬತ್ತೊಂಬತ್ತು ಆಕ್ಟೇನೇ ಆಗ್ಬೇಕು. ಜೊತೆಗೆ ಪೆಟ್ರೋಲಿಗೆ ಬೆರೆಸೋ ಟಾನಿಕ್ಕು." ಆಮೇಲೆ ಮೀಟರಪ್ಪನ ಬೈಕಿನ ಕಡೆ ತಿರುಗಿ, "ಅಣ್ಣಾ, ನಿಮ್ಮದೇ ಪುಣ್ಯವಂತ ಗಾಡಿ. ಅದಕ್ಕೆ ಸೀಮೆಎಣ್ಣೆ ಹಾಕಿದ್ರೂ ಕೈ ಮುಗಿದು ಕುಡಿಯುತ್ತೆ" ಎಂದ.

ಮಾವ ನಕ್ಕರು. ಅತ್ತೆ ನಕ್ಕರು. ನಾದಿನಿ ನಕ್ಕಳು. ಹೆಂಡತಿ ಮಾತ್ರ ನಗಲಿಲ್ಲ. ಮೀಟರಪ್ಪನಿಗೆ ಚುಚ್ಚಿದ್ದು ಅದೇ.

ಮರುದಿನ ಬೆಳಿಗ್ಗೆ ಪೆಟ್ರೋಲ್ ಬಂಕಿಗೆ ಹೋದವನು ಎಂದಿನ ಸಾಲಿನಲ್ಲಿ ನಿಲ್ಲದೆ, ಕೆಂಪು ಬಣ್ಣ ಬಳಿದ ಕೊನೆಯ ಪಂಪಿನ ಮುಂದೆ ಹೋಗಿ ನಿಂತ. ಅವನ ಹಿಂದೆ ಎರಡು ಭಾರೀ ಬೈಕುಗಳು ಬಂದು ಗುರ್ ಎಂದವು. ಪಂಪಿನವಳು ಅವನನ್ನೂ ಅವನ ವಾಹನವನ್ನೂ ನೋಡಿ, ಮರ್ಯಾದೆಯಾಗಿಯೇ ಹೇಳಿದಳು:

"ಸರ್, ಇದು ಹೈ ಆಕ್ಟೇನು. ದೊಡ್ಡ ಗಾಡಿಗಳಿಗೆ. ನಿಮ್ಮ ಸಾಲು ಆ ಕಡೆ."

ಹಿಂದಿನವರಲ್ಲಿ ಯಾರೋ ಕೆಮ್ಮಿದರು. ಕೆಮ್ಮೋ ನಗುವೋ ಎಂದು ಹೆಲ್ಮೆಟ್ಟಿನೊಳಗಿನಿಂದ ಗೊತ್ತಾಗುವಂತಿರಲಿಲ್ಲ. ಈಗ ಗಾಡಿ ತಿರುಗಿಸುವುದೆಂದರೆ ಸಭೆಯ ಮಧ್ಯದಿಂದ ಎದ್ದು ಹೋದ ಹಾಗೆ.

"ಗೊತ್ತಮ್ಮ," ಎಂದ ಮೀಟರಪ್ಪ. "ಫುಲ್ ಟ್ಯಾಂಕ್ ಮಾಡು. ಆ ಟಾನಿಕ್ಕೂ ಕೊಡು."

"ಎರಡು ಮುಚ್ಚಳ ಸಾಕು ಸರ್."

"ಇದಕ್ಕೆ ಸ್ವಲ್ಪ ಹಸಿವು ಜಾಸ್ತಿ," ಎಂದು ನೀಲಿ ಸೀಸೆಯನ್ನು ಬುಡಮೇಲು ಮಾಡಿ, ಕೊನೆಯ ತೊಟ್ಟು ಬೀಳುವ ತನಕ ತಟ್ಟಿದ.

ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟ. ಹೊರವರ್ತುಲ ರಸ್ತೆಯಲ್ಲಿ ಒಂದು ಉದ್ದನೆಯ ಇಳಿಜಾರಿದೆ. ಅವತ್ತು ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಮೀಟರ್ ಪುಸ್ತಕಗಳ ಮಣಭಾರದ ಚೀಲವನ್ನೂ ಕಚೇರಿಯಲ್ಲೇ ಬಿಟ್ಟು ಬಂದಿದ್ದ. ಈ ಮೂರನ್ನೂ ಕಥೆ ಹೇಳುವವರು ಲೆಕ್ಕಕ್ಕೆ ಹಿಡಿಯಬೇಕು. ಮೀಟರಪ್ಪ ಹಿಡಿಯಲಿಲ್ಲ. ಗಾಡಿ ಹಗುರಾಗಿ ಓಡುತ್ತಿದೆ ಅನ್ನಿಸಿತು. ಕಿವಿಯ ಪಕ್ಕ ಗಾಳಿ ಸಿಳ್ಳೆ ಹಾಕಿತು. ಅಷ್ಟರಲ್ಲಿ ಕಣ್ಣಿಗೆ ಧೂಳು ಬಿತ್ತು; ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ.

ಅದೇ ಗಳಿಗೆಗೆ ಭೂಮಿ ಬಿರಿದಂಥ ಸದ್ದೊಂದು ಕಾಲಬುಡದಿಂದೆದ್ದು, ಎದೆಗೂಡನ್ನು ನಡುಗಿಸಿ, ನೆತ್ತಿಯಿಂದ ಹಾರಿಹೋಯಿತು. ಅಂಗಿ ಕಿತ್ತುಹೋಗುವ ಹಾಗೆ ಗಾಳಿ ಎಳೆಯಿತು. ಮುಚ್ಚಿದ ರೆಪ್ಪೆಯ ಮೇಲೆ ಬಿಳೀ ಬೆಳಕು ಫಳ್ ಎಂದಿತು. ಕಣ್ಣುಜ್ಜಿಕೊಂಡು ನೋಡಿದರೆ ರಸ್ತೆ ಖಾಲಿ. ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ. ಇದ್ದವನು ಅವನೊಬ್ಬ, ಕೆಳಗೆ ಅವನ ಗಾಡಿ. ಹಾಗಾದರೆ ಆ ಸದ್ದು ಯಾರದು? ಮೀಟರಪ್ಪ ಕೂಡಿ ಕಳೆದು ನೋಡಿದ. ಉತ್ತರ ಒಂದೇ ಬಂತು.

"ಇವತ್ತು ಗಾಡಿ ಗರ್ಜಿಸ್ತು ಕಣೇ," ಎಂದ ಹೆಂಡತಿಗೆ, ಬಾಗಿಲಲ್ಲೇ ನಿಂತು.

"ಸೈಲೆನ್ಸರ್ ತೂತಾಗಿರ್ಬೇಕು. ಕೈಕಾಲು ತೊಳ್ಕೊಂಡು ಬನ್ನಿ," ಎಂದಳು ಅವಳು.

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಸಲು ಸರ್ಕಾರ ಬಿಡಲಿಲ್ಲ. ಶುಕ್ರವಾರ ಬೆಳಿಗ್ಗೆ ಸಾರಿಗೆ ಇಲಾಖೆಯಿಂದ ರಿಜಿಸ್ಟರ್ ಪತ್ರ ಬಂತು. ಮುದ್ರೆಯಿರುವ ಲಕೋಟೆ ನೋಡಿ ದರ್ಜಿ ಹೊಲಿಗೆ ನಿಲ್ಲಿಸಿದ. ಎದುರು ಮನೆಯ ನಿವೃತ್ತ ಗಣಿತದ ಮೇಷ್ಟ್ರು, ಕರೆಯದೆಯೇ ಬಂದು, ಕನ್ನಡಕ ಏರಿಸಿ, ತಾವೇ ಗಟ್ಟಿಯಾಗಿ ಓದಿದರು.

"ಮೇಲ್ಕಂಡ ವಾಹನವು ಎಂಬತ್ತು ಕಿಲೋಮೀಟರ್ ಮಿತಿಯ ರಸ್ತೆಯಲ್ಲಿ ಗಂಟೆಗೆ ನೂರ ನಲವತ್ತೆಂಟು ಕಿಲೋಮೀಟರ್ ವೇಗದಲ್ಲಿ ಚಲಿಸಿರುವುದು ಯಂತ್ರದಿಂದ ದಾಖಲಾಗಿರುತ್ತದೆ. ನಿಮ್ಮ ಚಾಲನಾ ಪರವಾನಗಿಯನ್ನು ಒಂದು ವರ್ಷದ ಅವಧಿಗೆ ಏಕೆ ಅಮಾನತುಗೊಳಿಸಬಾರದು ಎಂಬುದಕ್ಕೆ ಖುದ್ದು ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು."

ಬೀದಿಯಲ್ಲಿ ಸೂಜಿ ಬಿದ್ದರೆ ಕೇಳಿಸುವಂಥ ಮೌನ. ದರ್ಜಿಯ ಕೈಯಿಂದ ನಿಜಕ್ಕೂ ಒಂದು ಬಿತ್ತು, ಕೇಳಿಸಿತು.

ಜೊತೆಗೊಂದು ಫೋಟೋ. ನಂಬರ್ ಪ್ಲೇಟು ಸ್ಪಷ್ಟ. ಮೇಲೆ ಕೂತ ಮೀಟರಪ್ಪನೂ ಸ್ಪಷ್ಟ. ಅವನ ಮುಂದೆ, ಫೋಟೋದ ಅಂಚಿನಲ್ಲಿ, ಒಂದು ಕಪ್ಪು ಮಸುಕು.

"ಇದೇನು ಮೇಷ್ಟ್ರೇ ಈ ಕಪ್ಪು?" ದರ್ಜಿ ಕೇಳಿದ.

ಮೇಷ್ಟ್ರು ಬಹಳ ಹೊತ್ತು ನೋಡಿದರು. "ಗಾಳಿ," ಎಂದರು ಕೊನೆಗೆ. "ಇಷ್ಟು ವೇಗದಲ್ಲಿ ದಬ್ಬಿಕೊಂಡು ಹೋದರೆ ಗಾಳಿಗೆ ಪಕ್ಕಕ್ಕೆ ಸರಿಯೋಕೆ ಪುರುಸೊತ್ತು ಸಿಗಲ್ಲ. ಮುಂದೆ ಮಂದವಾಗಿ ಶೇಖರ ಆಗುತ್ತೆ."

"ಅದಿರ್ಲಿ," ದರ್ಜಿಯ ದನಿ ಇಳಿದಿತ್ತು. "ಕಣ್ಣು ನೋಡಿ. ಮುಚ್ಕೊಂಡಿದಾರೆ! ಕಣ್ಣು ಮುಚ್ಕೊಂಡು ನೂರ ನಲವತ್ತೆಂಟು!"

ಮೀಟರಪ್ಪ ಪತ್ರ ಇಸಿದುಕೊಂಡು ಅಂಕಿಯನ್ನು ತಾನೇ ನೋಡಿದ. ತನ್ನ ಗಾಡಿ ಗರ್ಜಿಸಿತು ಎಂಬಲ್ಲಿ ಅವನಿಗೂ ಒಂದಿಷ್ಟು ಅನುಮಾನ ಉಳಿದಿತ್ತು. ಈಗ ಯಂತ್ರವೇ ಹೇಳಿದೆ. ಯಂತ್ರದ ಮಾತಿಗೆ ಎದುರಾಡುವ ಕೆಲಸವನ್ನು ಅವನು ಇಪ್ಪತ್ತೆರಡು ವರ್ಷದಲ್ಲಿ ಯಾರಿಗೂ ಮಾಡಗೊಟ್ಟಿರಲಿಲ್ಲ. "ಹೂಂ," ಎಂದ ಗಂಭೀರವಾಗಿ. "ಸ್ವಲ್ಪ ಜೋರಾಗೇ ಹೋದೆ ಅನ್ಸುತ್ತೆ."

ಹೆಂಡತಿ ಹೊರಗೆ ಬಂದು ಎಲ್ಲರೆದುರಿಗೇ ಬೈದಳು. "ಸಾಯೋಕೆ ಹೊರಟಿದ್ರಾ? ಮನೇಲಿ ಹೆಂಡತಿ ಇದಾಳೆ ಅನ್ನೋ ನೆನಪಾದ್ರೂ ಬೇಡ್ವಾ?" ಒಳಗೆ ಹೋಗಿ ಬಾಗಿಲು ಹಾಕಿಕೊಂಡು ತಂಗಿಗೆ ಫೋನು ಮಾಡಿದಳು. ಬಾಗಿಲು ತೆಳುವಾದದ್ದು. "ನಿಮ್ಮವರದು ಎಷ್ಟು ಹೋಗುತ್ತಂತೆ?" ಎಂದು ಕೇಳಿದ್ದು ಬೀದಿಗೆಲ್ಲ ಕೇಳಿಸಿತು.

ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಎರಡೇ ದಿನದಲ್ಲಿ ಬೀದಿ ಬದಲಾಯಿತು. ಬ್ರೆಡ್ಡು ಮಾರುವವನು ತನ್ನ ಮೊಪೆಡ್ಡಿಗೆ ಹೈ ಆಕ್ಟೇನ್ ಹಾಕಿಸಿಕೊಂಡು, ತಿರುವಿನಲ್ಲಿ ಹಾರಿಹೋದೀತು ಎಂದು ಬ್ರೆಡ್ಡಿನ ಪೆಟ್ಟಿಗೆಗೆ ಎರಡು ಹಗ್ಗ ಜಾಸ್ತಿ ಬಿಗಿದ. ದರ್ಜಿ ಹೊಲಿಗೆ ಯಂತ್ರದ ಎಣ್ಣೆಗೆ ನಾಲ್ಕು ತೊಟ್ಟು ಟಾನಿಕ್ ಬೆರೆಸಿ, "ಹೊಲಿಗೆ ನೀರಿನ ಹಾಗೆ ಹರೀತಿದೆ" ಎಂದ. ಯಾರದೋ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದದ್ದು ಆ ರಭಸದಲ್ಲೇ. ಮೇಷ್ಟ್ರು ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕಿ, ಅದರ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೆಂಡತಿಗೆ "ನೀನು ಒಳಗೆ ಹೋಗು" ಎಂದರು. ಮೀಟರ್ ಓದಲು ಹೋದ ಮನೆಗಳಲ್ಲಿ ಮೀಟರಪ್ಪನಿಗೆ ಕುರ್ಚಿ ಸಿಗತೊಡಗಿತು. "ನೀವು ಕೂತ್ಕೊಳ್ಳಿ, ನಾವೇ ಅಂಕಿ ಓದಿ ಹೇಳ್ತೀವಿ" ಎಂದು ಜನ ತಾವೇ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದರು.

ಭಾನುವಾರ ಷಡ್ಡಕ ಬಂದ. ಮಾವನೂ ಬಂದರು. ಷಡ್ಡಕ ಸಾವಿರ ಸಿ.ಸಿ.ಯನ್ನು ಬೀದಿಯ ಕೊನೆಯಲ್ಲಿ ನಿಲ್ಲಿಸಿ, ಉಳಿದ ದೂರ ನಡೆದುಕೊಂಡೇ ಬಂದ. ಫೋಟೋವನ್ನು ಎರಡು ಕೈಯಲ್ಲಿ ಹಿಡಿದು ನೋಡಿದ. ಆಮೇಲೆ ಮೀಟರಪ್ಪನನ್ನು ಅಡುಗೆಮನೆಯ ಮೂಲೆಗೆ ಎಳೆದುಕೊಂಡು ಹೋದ.

"ಅಣ್ಣಾ, ಯಾರಿಗೂ ಹೇಳ್ಬೇಡಿ. ನಾನು ಅದನ್ನ ತಂದಾಗಿಂದ ಎರಡನೇ ಗೇರ್ ದಾಟಿಲ್ಲ."

"ಯಾಕೆ?"

"ಭಯ ಅಣ್ಣಾ. ಸ್ವಲ್ಪ ತಿರುವಿದ್ರೆ ಕೆಳಗಿಂದ ಜಾರಿಕೊಂಡು ಹೋಗ್ಬಿಡುತ್ತೆ ಅನ್ಸುತ್ತೆ. ಮೊನ್ನೆ ಒಂದು ಸೈಕಲ್ಲು ನನ್ನನ್ನ ಹಿಂದೆ ಹಾಕ್ತು. ಅದರಲ್ಲಿದ್ದ ಮುದುಕ 'ದಾರಿ ಬಿಡಪ್ಪ' ಅಂದ." ಅವನ ಕಣ್ಣಲ್ಲಿ ನೀರಿತ್ತು. "ನೀವು ಒಂದು ಸಲ ಓಡಿಸಿ ತೋರ್ಸಿ. ನಿಮ್ಮ ಕೈಯಲ್ಲಿ ಅದು ಮಾತು ಕೇಳುತ್ತೆ."

ಇಂಥ ಹೊತ್ತಿನಲ್ಲಿ ಬುದ್ಧಿವಂತನಾದವನಿಗೆ ಹೊಟ್ಟೆನೋವು ಬರುತ್ತದೆ. ಮೀಟರಪ್ಪನಿಗೆ ಅದು ಬರಲು ಪುರುಸೊತ್ತಾಗಲಿಲ್ಲ, ಹೊರಗೆ ಮಾವ ಆಗಲೇ ಬೀದಿಯವರನ್ನೆಲ್ಲ ಎರಡು ಬದಿಗೆ ಸರಿಸಿ ಹಳಿ ತೆರವು ಮಾಡಿದ್ದರು. "ಲೈನ್ ಕ್ಲಿಯರ್ ಅಳಿಯಂದಿರೇ!" ಎಂದು ಕರವಸ್ತ್ರ ಬೀಸಿದರು.

ಬೀದಿಯ ಕೊನೆಯಿಂದ ಷಡ್ಡಕ ತಳ್ಳಿಕೊಂಡು ಬಂದ ಬೈಕನ್ನು ಮೀಟರಪ್ಪ ಹತ್ತಿ ಕೂತ. ಎರಡು ಕಾಲೂ ನೆಲಕ್ಕೆ ಎಟುಕಲಿಲ್ಲ. ಹೆಬ್ಬೆರಳಿನ ತುದಿ ಮಾತ್ರ ಸೋಕಿತು. ಗುಂಡಿ ಒತ್ತಿದ. ಕೆಳಗೊಂದು ದೊಡ್ಡ ಪ್ರಾಣಿ ಎಚ್ಚರಾದ ಹಾಗಾಯಿತು. ಕ್ಲಚ್ ಬಿಟ್ಟ. ಬೈಕು ಒಂದು ಮೊಳ ಮುಂದೆ ನೆಗೆಯಿತು, ಕಟಕಟಕಟ ಎಂದು ಹಲ್ಲು ಕಡಿಯಿತು, ನಿಂತಿತು, ಆಮೇಲೆ ಘನತೆಯಿಂದ, ಯಾವ ಅವಸರವೂ ಇಲ್ಲದೆ, ಎಡಗಡೆಗೆ ವಾಲಿ ಮೇಷ್ಟ್ರ ಬೇಲಿಯ ಮೇಲೆ ಒರಗಿಕೊಂಡಿತು. ಮೀಟರಪ್ಪ ಬೇಲಿಯ ಆಚೆಗೆ ಇಳಿದ.

ಯಾರೂ ನಗಲಿಲ್ಲ. ಎಲ್ಲರೂ ಅವನು ಏನು ಹೇಳುತ್ತಾನೋ ಎಂದು ಕಾದರು. ಮೀಟರಪ್ಪ ಎಲೆ ಕೊಡವಿಕೊಂಡು ಎದ್ದು, ತಲೆಗೆ ಬಂದದ್ದನ್ನು ಹೇಳಿದ: "ಇದರ ಪೆಟ್ರೋಲ್ ಸರಿ ಇಲ್ಲ."

ಷಡ್ಡಕನ ಮುಖ ಸುಣ್ಣವಾಯಿತು.

ಬೀದಿಯ ಹಿಂದಿನ ಗಲ್ಲಿಯಲ್ಲಿ ಗ್ಯಾರೇಜು ಇಟ್ಟಿದ್ದವಳನ್ನು ಎಲ್ಲರೂ ಮೆಕ್ಯಾನಿಕ್ ಅಕ್ಕ ಎನ್ನುತ್ತಿದ್ದರು. ಐವತ್ತರ ಹೆಂಗಸು, ಮೂಗಿನ ಮೇಲೆ ಓದುವ ಕನ್ನಡಕ, ಕೈಯಲ್ಲಿ ಸದಾ ಒಂದು ಎಣ್ಣೆಬಟ್ಟೆ. ಷಡ್ಡಕರಿಬ್ಬರೂ ಎರಡು ಗಾಡಿಗಳನ್ನೂ ತಳ್ಳಿಕೊಂಡು ಹೋದರು. ಅವಳು ಸಾವಿರ ಸಿ.ಸಿ.ಯನ್ನು ಚಾಲೂ ಮಾಡಿ, ಕಣ್ಣು ಮುಚ್ಚಿ ಅದರ ಸದ್ದು ಆಲಿಸಿದಳು. ಟ್ಯಾಂಕಿನಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ, ಬೆಳಕಿಗೆ ಹಿಡಿದು, ಮೂಸಿದಳು. ಆಮೇಲೆ ಷಡ್ಡಕನನ್ನು ನೋಡಿದಳು. ಬರೀ ನೋಡಿದಳು, ಅಷ್ಟೇ.

"ಸಾದಾನೇ ಹಾಕಿಸ್ತಿದ್ದೆ ಅಕ್ಕ," ಷಡ್ಡಕ ಒಪ್ಪಿಕೊಂಡುಬಿಟ್ಟ. "ಎರಡನೇ ಗೇರಿಗೆ ಅದಕ್ಕಿಂತ ಯಾಕೆ ಅಂತ."

ಅಕ್ಕ ಮೀಟರಪ್ಪನ ಟ್ಯಾಂಕಿನ ಮುಚ್ಚಳ ತೆಗೆದಳು. ಮೂಸಿದಳು. ಮತ್ತೆ ಮೂಸಿದಳು. ಸ್ಟೂಲಿನ ಮೇಲೆ ಕೂತು ನಗತೊಡಗಿದವಳು ಕನ್ನಡಕ ತೆಗೆದು ಒರೆಸಿಕೊಳ್ಳುವ ತನಕ ನಕ್ಕಳು.

"ಹಸಿದವನಿಗೆ ಗಂಜಿ, ಹೊಟ್ಟೆ ತುಂಬಿದವನಿಗೆ ಔತಣ! ಒಂದೇ ಮನೆ ಅಳಿಯಂದಿರಾ ನೀವು?"

"ಆದ್ರೆ ನನ್ನ ಗಾಡಿಗೆ ಆಕ್ಟೇನಿಂದ ಶಕ್ತಿ ಬಂತಲ್ಲ ಅಕ್ಕ," ಎಂದ ಮೀಟರಪ್ಪ.

"ಆಕ್ಟೇನ್ ಅಂದ್ರೆ ಶಕ್ತಿ ಅಲ್ಲ ಮಾರಾಯ, ತಾಳ್ಮೆ." ಅಕ್ಕ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ತೋರಿಸಿದಳು. "ಇಂಜಿನ್ ಒಳಗೆ ಪೆಟ್ರೋಲನ್ನೂ ಗಾಳಿಯನ್ನೂ ಹೀಗೆ ಒತ್ತುತ್ತೆ. ದೊಡ್ಡ ಬೈಕಲ್ಲಿ ಒತ್ತಡ ವಿಪರೀತ. ಸಾದಾ ಪೆಟ್ರೋಲಿಗೆ ಅಷ್ಟು ತಡ್ಕೊಳೋಕೆ ಆಗಲ್ಲ, ಕಿಡಿ ಕೊಡೋದಕ್ಕೆ ಮೊದಲೇ ಸಿಟ್ಟಾಗಿ ಸಿಡಿದುಬಿಡುತ್ತೆ. ಆ ಕಟಕಟ ಅನ್ನೋದು ಅದೇ. ಹೈ ಆಕ್ಟೇನು ಎಷ್ಟು ಒತ್ತಿದ್ರೂ ಕಿಡಿ ಬರೋ ತನಕ ಬಾಯಿ ಬಿಡಲ್ಲ. ನಿನ್ನ ಗಾಡಿ ಒತ್ತೋದೇ ಇಲ್ಲ. ಬೆನ್ನು ಸವರುತ್ತೆ. ಅದಕ್ಕೆಂಥ ತಾಳ್ಮೆ ಬೇಕು?"

"ಟಾನಿಕ್ಕು?"

"ಇಡೀ ಸೀಸೆ ಸುರಿದಿದೀಯ. ಪ್ಲಗ್ ತೆಗೆದು ತೊಳೆದರೆ ಸಾಕು. ಬೇರೆ ಉಪಕಾರನೂ ಇಲ್ಲ, ಅಪಕಾರನೂ ಇಲ್ಲ."

"ನೂರ ನಲವತ್ತೆಂಟು ಹೋಗಿದೆಯಲ್ಲಾ! ಯಂತ್ರ ಹೇಳಿದೆ!"

ಅಕ್ಕ ಸ್ಟೂಲಿನಿಂದ ಎದ್ದಳು. ದೊಡ್ಡ ಬೈಕಿನ ಟ್ಯಾಂಕು ಬರಿದು ಮಾಡಿ, ಡಬ್ಬದಲ್ಲಿದ್ದ ಹೈ ಆಕ್ಟೇನ್ ತುಂಬಿದಳು. ಬೇಕಾದ್ದನ್ನು ಬಿಗಿದಳು. ಮೀಟರಪ್ಪನ ತಲೆಗೆ ಒಂದು ಹೆಲ್ಮೆಟ್ ತೊಡಿಸಿ, "ಹಿಂದೆ ಕೂತ್ಕೋ. ಗಟ್ಟಿಯಾಗಿ ಹಿಡ್ಕೋ" ಎಂದಳು.

ಹೊರವರ್ತುಲ ರಸ್ತೆಗೆ ಬರುವ ತನಕ ಅವಳು ಮೆಲ್ಲಗೆ ಹೋದಳು. ಈಗ ಕಟಕಟವಿಲ್ಲ. ಆಳವಾದ ಬಾವಿಯೊಳಗೆ ಯಾರೋ ಗುನುಗುತ್ತಿರುವ ಹಾಗೆ ಒಂದು ದನಿ. ಖಾಲಿ ರಸ್ತೆ ಸಿಕ್ಕಿದ ಕೂಡಲೇ ಅವಳ ಮಣಿಕಟ್ಟು ಬೆರಳಗಲ ತಿರುಗಿತು. ಬೈಕು ಓಡಲಿಲ್ಲ, ರಸ್ತೆಯೇ ಓಡಿಬಂದು ಅವರನ್ನು ಹಾದುಹೋಯಿತು. ಬದಿಯ ಮರಗಳು ಒಂದು ಗೋಡೆಯಾದವು. ಮೀಟರಪ್ಪ ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದ. ಅವನಿಗೆ ಹೆದರಿಕೆಯಾಯಿತು ಎಂದರೆ ಪೂರ್ತಿ ನಿಜವಲ್ಲ. ಇಪ್ಪತ್ತೆರಡು ವರ್ಷ ನೆಲ ನೋಡುತ್ತ ಕೂತವನಿಗೆ, ಮನುಷ್ಯರು ಕಬ್ಬಿಣದಿಂದ ಇಂಥದೊಂದನ್ನು ಮಾಡಿದ್ದಾರೆ, ಅದು ಒಬ್ಬ ಹೆಂಗಸಿನ ಬೆರಳಿಗೆ ಹೀಗೆ ಬಾಗುತ್ತದೆ ಎಂಬ ಬೆರಗು ಮೂಡಿತು. ಬಾಯಿ ಮುಚ್ಚಲೂ ಮರೆತ. ಆಗಲೇ ಇಂಜಿನ್ನಿನ ದನಿ ಏರಿ, ಕಾಲಬುಡದಿಂದೆದ್ದು, ಎದೆಗೂಡು ನಡುಗಿಸಿ, ನೆತ್ತಿಯಿಂದ ಹಾರಿತು.

ಈ ಸದ್ದು ಅವನಿಗೆ ಗೊತ್ತಿತ್ತು. ಅವತ್ತು ಕಣ್ಣು ಮುಚ್ಚಿದ್ದಾಗ ಪಕ್ಕದಿಂದ ಹಾದು ಹೋಗಿದ್ದು ಇಂಥದ್ದೇ ಒಂದು.

ಅಕ್ಕ ಬದಿಗೆ ನಿಲ್ಲಿಸಿದಳು. ಅವನು ಇಳಿದು ರಸ್ತೆಬದಿಯ ಕಲ್ಲಿನ ಮೇಲೆ ಕೂತ.

"ಎಷ್ಟು ಹೋದ್ವಿ ಅಕ್ಕ? ಇನ್ನೂರಾ?"

"ಎಂಬತ್ತು. ಇಲ್ಲಿ ಅದಕ್ಕಿಂತ ಮೇಲೆ ಹೋಗಬಾರದು."

ಮೀಟರಪ್ಪ ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡ. "ಹಾಗಾದ್ರೆ ನೂರ ನಲವತ್ತೆಂಟು ನಾನಲ್ಲ," ಎಂದ.

"ಅಲ್ಲ," ಎಂದಳು ಅಕ್ಕ ಮೃದುವಾಗಿ. "ಫೋಟೋದಲ್ಲಿರೋ ಕಪ್ಪು ಯಾರದೋ ಹಿಂದಿನ ಚಕ್ರ."

ಸತ್ಯ ಸಿಕ್ಕಿತು. ಸಿಕ್ಕಿದ್ದನ್ನು ಎಲ್ಲಿಡುವುದು ಎಂಬುದೇ ಕಷ್ಟ. ನಿಜ ಹೇಳಿದರೆ ಲೈಸೆನ್ಸು ಉಳಿಯುತ್ತದೆ, ಮಾನ ಹೋಗುತ್ತದೆ. ಹೇಳದಿದ್ದರೆ ಮಾನ ಉಳಿಯುತ್ತದೆ, ಲೈಸೆನ್ಸು ಹೋಗುತ್ತದೆ. ಗಾಡಿಯಿಲ್ಲದೆ ಆರು ಬಡಾವಣೆಗಳ ಮೀಟರು ಈ ಮೊಣಕಾಲಲ್ಲಿ ಓದುವುದು ಸಾಧ್ಯವಿಲ್ಲ, ಕೆಲಸವೂ ಹೋಗುತ್ತದೆ. ವಿಚಾರಣೆಗೆ ಒಬ್ಬನೇ ಹೋಗಿ, ಅಧಿಕಾರಿಯ ಕಿವಿಯಲ್ಲಿ ಮೆತ್ತಗೆ ಹೇಳಿ ಬಂದರಾಯಿತು ಎಂದು ಉಪಾಯ ಮಾಡಿದ. ಆದರೆ ಬುಧವಾರ ಬೆಳಿಗ್ಗೆ ಬಾಗಿಲು ತೆಗೆದರೆ, ಮಾವ, ಷಡ್ಡಕರನ್ನೂ ಸೇರಿಸಿಕೊಂಡು ಬೀದಿಗೆ ಬೀದಿಯೇ ಇಸ್ತ್ರಿ ಬಟ್ಟೆ ಹಾಕಿಕೊಂಡು ನಿಂತಿದೆ.

"ನಿಮ್ಮೊಬ್ಬರನ್ನೇ ಕಳಿಸ್ತೀವಾ?" ಎಂದರು ಮೇಷ್ಟ್ರು. ಅವರ ಕಂಕುಳಲ್ಲಿ ಲೆಕ್ಕ ಬರೆದ ಒಂದು ಉದ್ದನೆಯ ಕಾಗದದ ಸುರುಳಿ ಇತ್ತು.

ಸಾರಿಗೆ ಅಧಿಕಾರಿ ಬಡಕಲು ಮನುಷ್ಯ. ಅವರ ಕೋಣೆಯಲ್ಲಿ ಒಂದು ಮೇಜು, ಎರಡು ಕಪಾಟು, ಒಂದು ಫ್ಯಾನು. ಹದಿನೆಂಟು ಜನ ಒಳಗೆ ಬಂದಾಗ ಫ್ಯಾನಿನ ಗಾಳಿ ಮೇಲೇ ಉಳಿಯಿತು.

"ಆ ದಿನ ನೂರ ನಲವತ್ತೆಂಟು ವೇಗದಲ್ಲಿ ಹೋಗಿದ್ದು ನೀವೇನಾ?"

ಮೀಟರಪ್ಪ ಬಾಯಿ ತೆರೆದ. ಅವನ ಹಿಂದಿನಿಂದ ಹದಿನೇಳು ಬಾಯಿ ಒಟ್ಟಿಗೆ ತೆರೆದವು: "ಹೌದು ಸ್ವಾಮಿ! ಅವರೇ!"

"ನೀವು ಯಾರು?"

"ಸಾಕ್ಷಿಗಳು," ಎಂದ ದರ್ಜಿ. "ಸದ್ದು ಕಿವಿಯಾರೆ ಕೇಳಿದೀವಿ."

"ಸರ್, ನಾನು ವಿಮಾ ಕಂಪನಿ ಮ್ಯಾನೇಜರು," ಷಡ್ಡಕ ಮುಂದೆ ಬಂದ. "ಇವರ ಗಾಡಿಯನ್ನ ಅತಿ ಅಪಾಯದ ವರ್ಗದಲ್ಲಿ ಸೇರಿಸಬೇಕು ಅಂತ ನಾನೇ ಶಿಫಾರಸು ಬರೆದಿದೀನಿ."

ಮೇಷ್ಟ್ರು ಸುರುಳಿ ಬಿಚ್ಚಿದರು. ಅದು ಮೇಜು ದಾಟಿ ನೆಲಕ್ಕಿಳಿಯಿತು. "ಇಳಿಜಾರಿನ ಕೋನ, ಗಾಳಿಯ ವೇಗ, ಚಾಲಕರ ತೂಕ ಎಲ್ಲ ಹಿಡಿದು ಲೆಕ್ಕ ಮಾಡಿದ್ರೆ ನೂರ ಐವತ್ತೊಂದು ಬರುತ್ತೆ. ನಿಮ್ಮ ಯಂತ್ರ ಮೂರು ಕಮ್ಮಿ ತೋರಿಸಿದೆ. ರಿಪೇರಿ ಮಾಡಿಸಿ."

ಪ್ರೀತಿಯಿಂದ ಮನುಷ್ಯನನ್ನು ಮುಳುಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಡ. ಅಧಿಕಾರಿ ಪೆನ್ನು ತೆಗೆದರು. ಬಾಗಿಲ ಹತ್ತಿರ ನಿಂತ ಹೆಂಡತಿ ಬೆರಳು ಹಿಸುಕಿಕೊಳ್ಳುತ್ತಿದ್ದಳು. ಮೀಟರಪ್ಪ ಅವಳ ಮುಖ ನೋಡಿದ. ಅವಳು ಮೆಲ್ಲಗೆ ತಲೆ ಆಡಿಸಿದಳು. ಹೇಳಿಬಿಡಿ ಎಂಬಂತಿತ್ತು.

"ಸರ್, ನಾನಲ್ಲ!" ಮೀಟರಪ್ಪನ ದನಿ ಅವನಿಗೇ ದೊಡ್ಡದಾಗಿ ಕೇಳಿಸಿತು. "ನನ್ನ ಗಾಡಿ ಬಂಡೆ ಮೇಲಿಂದ ತಳ್ಳಿದ್ರೂ ಎಂಬತ್ತು ಹೋಗಲ್ಲ. ಪಕ್ಕದಲ್ಲಿ ಯಾರೋ ದೊಡ್ಡ ಬೈಕಿನವರು ಹೋದರು. ನಾನು ಕಣ್ಣು ಮುಚ್ಚಿದ್ದೆ, ನನ್ನದೇ ಅಂದ್ಕೊಂಡೆ. ತಪ್ಪಾಯ್ತು!"

ಅಧಿಕಾರಿ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದರು, ಕಪ್ಪು ಮಸುಕಿನ ಮೇಲೆ ತುಸು ಹೆಚ್ಚು ಹೊತ್ತು ನಿಂತರು. "ಹಾಗಾದ್ರೆ ಕಚೇರಿ ಹಿಂದೆ ಪರೀಕ್ಷೆ ಮೈದಾನ ಇದೆ. ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಓಡಿಸಿ ತೋರಿಸಿ."

ಮೈದಾನದ ಒಂದು ತುದಿಯಲ್ಲಿ ಅಧಿಕಾರಿ ವೇಗ ಅಳೆಯುವ ಯಂತ್ರ ಹಿಡಿದು ನಿಂತರು. ಮಾವ ಕರವಸ್ತ್ರ ಬೀಸಿದರು. ಮೀಟರಪ್ಪ ಆಕ್ಸಿಲರೇಟರನ್ನು ಕೊನೆಯ ತನಕ ತಿರುಚಿ, ಟ್ಯಾಂಕಿನ ಮೇಲೆ ಎದೆಯಿಟ್ಟು ಮಲಗಿಬಿಟ್ಟ. ಬೈಕು ತನ್ನ ಪ್ರಾಣ ಪಣಕ್ಕಿಟ್ಟು ಓಡಿತು. ಅದರ ಜೊತೆಗೇ ಬೇಲಿ ಪಕ್ಕದಲ್ಲಿ ಒಂದು ನಾಯಿ ಓಡಿತು. ನಾಯಿ ಮೊದಲು ಮುಟ್ಟಿತು.

"ನಲವತ್ತಾರು," ಅಧಿಕಾರಿ ಗಟ್ಟಿಯಾಗಿ ಓದಿದರು.

ಮೀಟರಪ್ಪ ಗಾಡಿಯಿಂದಿಳಿದು ತಲೆ ತಗ್ಗಿಸಿ ನಿಂತ. ಬೀದಿಯವರ ಮುಖ ನೋಡುವ ಧೈರ್ಯವಾಗಲಿಲ್ಲ. ಮೊದಲು ಕೇಳಿಸಿದ್ದು ಮೇಷ್ಟ್ರ ದನಿ, ಗದ್ಗದಿತವಾಗಿತ್ತು.

"ನೋಡಿದ್ರಾ? ನೂರ ನಲವತ್ತೆಂಟು ಹೋಗುವವನು ನಲವತ್ತಾರಲ್ಲಿ ಹಿಡಿದು ನಿಲ್ಲಿಸೋದು ಅಂದ್ರೆ! ಆ ಹಿಡಿತ!"

"ನಾಯಿಗೆ ಪೆಟ್ಟಾಗಬಾರದು ಅಂತ ಹಿಂದೆ ಉಳಿದರು," ಎಂದ ದರ್ಜಿ.

"ಅಲ್ಲ ಕಣ್ರಪ್ಪ, ನಿಜವಾಗ್ಲೂ ಇಷ್ಟೇ ಹೋಗೋದು!" ಮೀಟರಪ್ಪ ಕೂಗಿದ. "ದೇವರಾಣೆ ಇಷ್ಟೇ!"

ಮಾವ ಬಂದು ಅವನ ಎರಡೂ ಭುಜ ಹಿಡಿದರು. "ಇಲ್ಲದ್ದನ್ನ ಇದೆ ಅನ್ನೋ ಅಳಿಯಂದಿರು ಊರು ತುಂಬ ಇದಾರೆ. ಇದ್ದದ್ದನ್ನ ಇಲ್ಲ ಅನ್ನೋನು ನನ್ನ ಮನೇಲೇ ಇದ್ದ, ನನಗೇ ಗೊತ್ತಾಗ್ಲಿಲ್ಲ." ಷಡ್ಡಕ ಆಣೆಯನ್ನೂ ಕೇಳಿಸಿಕೊಂಡಿದ್ದ, ನಾಯಿಯನ್ನೂ ನೋಡಿದ್ದ, ಆದರೂ ಕಣ್ಣೊರೆಸಿಕೊಂಡ. ಹೆಂಡತಿ ಒಬ್ಬಳೇ ನಗುತ್ತಿದ್ದಳು. ಆ ನಗುವಿನಲ್ಲಿ ಕುಹಕವಿರಲಿಲ್ಲ. ಅವಳು ಬಂದು ಬೈಕಿನ ಹಿಂದಿನ ಸೀಟಿನ ಮೇಲೆ ಕೂತಳು.

ಅಧಿಕಾರಿ ಆದೇಶ ಬರೆಯಲು ಮೀಟರಪ್ಪನನ್ನು ಒಳಗೆ ಕರೆದರು. ಸದರಿ ವಾಹನವು ನಲವತ್ತಾರಕ್ಕಿಂತ ಹೆಚ್ಚು ಚಲಿಸಲು ಅಸಮರ್ಥವಾಗಿದ್ದು ನೋಟೀಸನ್ನು ಹಿಂಪಡೆಯಲಾಗಿದೆ ಎಂದು ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕೊಟ್ಟರು. ಮೀಟರಪ್ಪ ಕೈಮುಗಿದು ಹೊರಟ. ಅಧಿಕಾರಿ ಎದ್ದು ಬಂದು ಬಾಗಿಲನ್ನು ಒಳಗಿನಿಂದ ಮುಚ್ಚಿದರು.

"ಆದೇಶ ಆಯ್ತು, ಅದು ಬೇರೆ," ಎಂದರು ಪಿಸುದನಿಯಲ್ಲಿ. "ನಮ್ಮಿಬ್ಬರಲ್ಲೇ ಇರ್ಲಿ. ನಂದೂ ಒಂದು ಹಳೇ ಸ್ಕೂಟರಿದೆ. ನೀವು ಹಾಕ್ಸೋದು ಯಾವುದು?"

ಮೀಟರಪ್ಪ ಅವರನ್ನು ನೋಡಿದ. ಅವರ ಕಣ್ಣಲ್ಲಿದ್ದದ್ದು ಶುದ್ಧವಾದ ಬೆರಗು. ಇನ್ನು ಸುಳ್ಳು ಹೇಳುವ ಶಕ್ತಿ ಅವನಲ್ಲಿರಲಿಲ್ಲ.

"ಸಾದಾ ಪೆಟ್ರೋಲು ಸರ್. ಬೇರೇನೂ ಬೇಡ."

"ಸಾದಾ," ಎಂದರು ಅಧಿಕಾರಿ ಉಸಿರು ಬಿಗಿಹಿಡಿದು. ಮೇಜಿನ ಮೇಲಿನ ಚೀಟಿ ಎಳೆದುಕೊಂಡು ಅದನ್ನು ಬರೆದುಕೊಂಡರು, ಕೆಳಗೆ ಎರಡು ಗೆರೆ ಎಳೆದರು, ಯಾರಾದರೂ ನೋಡಿಯಾರು ಎಂದು ಮಡಚಿ ಜೇಬಿಗೆ ಹಾಕಿಕೊಂಡರು.